ಸೈಕಲ್ಲಿಗೆ ಎಂಜಿನ್ ಕೂರಿಸುವ ಮುನ್ನ: ಮೊದಲ ಬಾರಿಗೆ ಎಂಜಿನ್ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಸೈಕಲ್ಲಿಗೆ ಪೆಟ್ರೋಲ್ ಎಂಜಿನ್ ಜೋಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಸಿಸಿಯದ್ದು ತೆಗೆದುಕೊಳ್ಳಲಿ?’ (ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರಿನ ಗಾತ್ರದ ಅಳತೆ) ಎಂಬುದು. ನನ್ನ ದೃಷ್ಟಿಯಲ್ಲಿ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಂಜಿನ್ನಿನ ಭಾರವನ್ನು ಸೈಕಲ್ಲಿನ ಚೌಕಟ್ಟು ಹೊರಬೇಕು, ಅದು ಕೊಡುವ ವೇಗವನ್ನು ಬ್ರೇಕು ತಡೆಯಬೇಕು, ಅದರ ಎಳೆತವನ್ನು ಹಿಂದಿನ ಚಕ್ರದ ಕಡ್ಡಿಗಳು ತಾಳಿಕೊಳ್ಳಬೇಕು. ಹೀಗಾಗಿ ಎಂಜಿನ್ ಎಷ್ಟು ದೊಡ್ಡದಿರಬಹುದು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಬಳಿ ಇರುವ ಸೈಕಲ್ಲು ಮತ್ತು ನೀವು ಓಡಾಡುವ ರಸ್ತೆ. ಈ ಎರಡನ್ನೂ ಅಳೆದು ನೋಡಿದ ಮೇಲೆ ಉಳಿಯುವ ಆಯ್ಕೆಗಳು ಕೆಲವೇ ಕೆಲವು, ಮತ್ತು ಅವುಗಳಲ್ಲಿ ಒಂದನ್ನು ಆರಿಸುವುದು ಅಷ್ಟೇನೂ ಕಷ್ಟವಲ್ಲ.

ಸೈಕಲ್ಲು ಓಡಲು ಬೇಕಾದ ಶಕ್ತಿ ಬಹಳ ಕಡಿಮೆ ಎಂಬುದು ಹಳೆಯ ಅನುಭವ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಜಪಾನಿನ ಸೊಯಿಚಿರೊ ಹೋಂಡಾ ಅವರು ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆಂದು ತಯಾರಾಗಿ ಉಳಿದುಹೋಗಿದ್ದ ಪುಟ್ಟ ಜನರೇಟರ್ ಎಂಜಿನ್‌ಗಳನ್ನು ಕೊಂಡು ಸೈಕಲ್ಲುಗಳಿಗೆ ಜೋಡಿಸಿ ಮಾರಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂದ ವೆಲೊಸೊಲೆಕ್ಸ್ ಗಾಡಿಯ ಎಂಜಿನ್ನಿಗೆ 1 ಅಶ್ವಶಕ್ತಿಯೂ ಇರಲಿಲ್ಲ. ಆದರೂ ಅದು ದಶಕಗಳ ಕಾಲ ಲಕ್ಷಗಟ್ಟಲೆ ಮಾರಾಟವಾಯಿತು.

ಮೊದಲ ಹಂತ: ಕಾನೂನಿನ ಮಿತಿಯನ್ನು ತಿಳಿದುಕೊಳ್ಳುವುದು

ಇದನ್ನು ಹೆಚ್ಚು ಬೆಳೆಸುವುದಿಲ್ಲ. ಎಂಜಿನ್ ಕೂರಿಸಿದ ಸೈಕಲ್ಲನ್ನು ಬಹುತೇಕ ಕಡೆ ಕಾನೂನು ಬರೀ ಸೈಕಲ್ಲೆಂದು ಒಪ್ಪುವುದಿಲ್ಲ. ನೋಂದಣಿ, ಚಾಲನಾ ಪರವಾನಗಿ ಮತ್ತು ವಿಮೆಯ ಪ್ರಶ್ನೆ ಬಂದೇ ಬರುತ್ತದೆ. ಯುರೋಪ್ ಒಕ್ಕೂಟದಲ್ಲಿ ಮೊಪೆಡ್ ವರ್ಗಕ್ಕೆ 50 ಸಿಸಿ ಮತ್ತು ಗಂಟೆಗೆ 45 ಕಿ.ಮೀ. ಮಿತಿಯಿದೆ, ಇನ್ನು ಕೆಲವು ದೇಶಗಳಲ್ಲಿ ಗೆರೆಯನ್ನು ಇನ್ನೂ ಕೆಳಗೆ ಎಳೆಯಲಾಗಿದೆ. ನೀವಿರುವಲ್ಲಿನ ಸಾರಿಗೆ ಇಲಾಖೆಯ ನಿಯಮವನ್ನು ಓದಿ, ಸಿಸಿ, ಶಕ್ತಿ ಮತ್ತು ವೇಗದ ಮಿತಿಗಳನ್ನು ಬರೆದಿಟ್ಟುಕೊಳ್ಳಿ. ಆ ಮಿತಿಯನ್ನು ಮೀರಿದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯ ಹಂತ: ನಿಜವಾಗಿ ಬೇಕಾದ ಶಕ್ತಿಯನ್ನು ಲೆಕ್ಕ ಹಾಕುವುದು

ಸವಾರ, ಸೈಕಲ್ಲು, ಎಂಜಿನ್ ಮತ್ತು ಪೆಟ್ರೋಲ್ ಎಲ್ಲ ಸೇರಿ 110 ಕೆ.ಜಿ. ಆಗುತ್ತದೆಂದು ಇಟ್ಟುಕೊಳ್ಳೋಣ. ಸವಾರ ನೆಟ್ಟಗೆ ಕುಳಿತು ಸಮತಟ್ಟಾದ ರಸ್ತೆಯಲ್ಲಿ, ಎದುರು ಗಾಳಿಯಿಲ್ಲದಾಗ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಲು ಚಕ್ರಕ್ಕೆ ತಲುಪಬೇಕಾದ ಶಕ್ತಿ ಸುಮಾರು 280 ವ್ಯಾಟ್. ವೇಗವನ್ನು 50 ಕಿ.ಮೀ.ಗೆ ಏರಿಸಿದರೆ ಅದು ಸುಮಾರು 1,100 ವ್ಯಾಟ್ ಆಗುತ್ತದೆ. ವೇಗ ಎರಡು ಪಟ್ಟೂ ಆಗಿಲ್ಲ, ಶಕ್ತಿಯ ಬೇಡಿಕೆ ಮಾತ್ರ ನಾಲ್ಕು ಪಟ್ಟಿನ ಹತ್ತಿರ ಬಂತು. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಅಂದಮೇಲೆ 30 ಕಿ.ಮೀ. ವೇಗಕ್ಕೆ ಅರ್ಧ ಅಶ್ವಶಕ್ತಿಗಿಂತ ಕಡಿಮೆ, 50 ಕಿ.ಮೀ. ವೇಗಕ್ಕೆ ಒಂದೂವರೆ ಅಶ್ವಶಕ್ತಿ ಸಾಕು.

ಏರು ರಸ್ತೆಯ ಲೆಕ್ಕ ಬೇರೆ. ಪ್ರತಿ 100 ಮೀಟರಿಗೆ 10 ಮೀಟರ್ ಏರುವ ಕಡಿದಾದ ದಾರಿಯನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು ಅದೇ 110 ಕೆ.ಜಿ. ಭಾರಕ್ಕೆ ಸುಮಾರು 700 ವ್ಯಾಟ್ ಬೇಕು. ಇಲ್ಲಿ ಗಾಳಿಯ ಪಾಲು ಅತ್ಯಲ್ಪ, ಭಾರದ ಪಾಲೇ ಎಲ್ಲ. ಸವಾರನ ತೂಕ ಹೆಚ್ಚಿದ್ದರೆ ಅಥವಾ ಕ್ಯಾರಿಯರ್ ಮೇಲೆ ಸಾಮಾನು ಹೇರುವುದಿದ್ದರೆ ಈ ಅಂಕಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಚೈನು ಮತ್ತು ಗಿಯರುಗಳ ಘರ್ಷಣೆಯಲ್ಲಿ ಒಂದಿಷ್ಟು ಶಕ್ತಿ ಹೋಗುವುದನ್ನೂ ಸೇರಿಸಿಕೊಂಡರೆ, ಏರುತಗ್ಗಿನ ದಾರಿಯಲ್ಲಿ ಓಡಾಡುವವರಿಗೂ 2 ಅಶ್ವಶಕ್ತಿಯ ಎಂಜಿನ್ ಧಾರಾಳವಾಯಿತು. ಜೊತೆಗೆ ಪೆಡಲು ಇದ್ದೇ ಇದೆ. ಏರಿನ ಕಡೆಯ ಭಾಗದಲ್ಲಿ ನಾಲ್ಕು ಬಾರಿ ತುಳಿದು ಎಂಜಿನ್ನಿಗೆ ನೆರವಾಗುವುದರಲ್ಲಿ ಯಾವ ಕೊರತೆಯೂ ಇಲ್ಲ.

ನೀವು ದಿನವೂ ಹೋಗುವ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದು, ಸಮತಟ್ಟಿನಲ್ಲಿ ನಿಮಗೆ ನಿಜವಾಗಿ ಎಷ್ಟು ವೇಗ ಬೇಕು ಎಂಬೆರಡನ್ನು ಕಾಗದದ ಮೇಲೆ ಬರೆದು ಮೇಲಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಬಹಳ ಮಂದಿಗೆ ತಾವು ಅಂದುಕೊಂಡದ್ದಕ್ಕಿಂತ ಚಿಕ್ಕ ಎಂಜಿನ್ ಸಾಕೆಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಮೂರನೆಯ ಹಂತ: ಸೈಕಲ್ಲನ್ನು ಪರೀಕ್ಷಿಸುವುದು

ಮೊದಲು ಬ್ರೇಕು. ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 25 ಕಿ.ಮೀ. ವೇಗದಲ್ಲಿ ನಿಲ್ಲಿಸುವುದಕ್ಕಿಂತ 50 ಕಿ.ಮೀ. ವೇಗದಲ್ಲಿ ನಿಲ್ಲಿಸುವಾಗ ಬ್ರೇಕು ನಾಲ್ಕು ಪಟ್ಟು ಶಕ್ತಿಯನ್ನು ನುಂಗಬೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಿಂಚಕ್ರದ ಬ್ರೇಕೊಂದೇ ಇರುವ ಸೈಕಲ್ಲಿಗೆ ಎಂಜಿನ್ ಹಾಕಬೇಡಿ. ಮುಂಚಕ್ರಕ್ಕೆ ಒಳ್ಳೆಯ ಬ್ರೇಕು ಇರಲೇಬೇಕು, ಹಿಂಚಕ್ರಕ್ಕೆ ಪ್ರತ್ಯೇಕ ಬ್ರೇಕು ಇರಬೇಕು. ಈ ಮಾತಿನಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಬ್ರೇಕಿಗೂ ಎಂಜಿನ್ನಿಗೂ ಸೇರಿ ಹಣ ಸಾಲದಿದ್ದರೆ ಎಂಜಿನ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ.

ನಂತರ ಚೌಕಟ್ಟು. ಮೊದಲ ಬಾರಿಗೆ ಉಕ್ಕಿನ ಚೌಕಟ್ಟಿನ, ತ್ರಿಕೋನದ ಒಳಜಾಗ ವಿಶಾಲವಾಗಿರುವ ಸೈಕಲ್ಲೇ ಯೋಗ್ಯ. ಉಕ್ಕು ನಡುಕವನ್ನು ಅಲ್ಯೂಮಿನಿಯಂಗಿಂತ ಹೆಚ್ಚು ಕಾಲ ತಾಳಿಕೊಳ್ಳುತ್ತದೆ, ಬಿರುಕು ಬಿಟ್ಟರೆ ಬೆಸುಗೆ ಹಾಕುವುದೂ ಸುಲಭ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನೂ ಜೋಡಣೆಯ ಸಾಮಾನೂ ಒಟ್ಟಿಗೆ ಸಿಗುವ ಕಿಟ್ಟುಗಳಲ್ಲಿ ಬರುವ ಹಿಡಿಕಟ್ಟುಗಳು 28 ಮಿ.ಮೀ. ಆಸುಪಾಸಿನ ದುಂಡು ಕೊಳವೆಗಳಿಗೆ ಹೊಂದುವಂಥವು. ಈಗಿನ ಅಲ್ಯೂಮಿನಿಯಂ ಸೈಕಲ್ಲುಗಳ ದಪ್ಪ ಮತ್ತು ಚಪ್ಪಟೆ ಕೊಳವೆಗಳನ್ನು ಅವು ಹಿಡಿಯುವುದಿಲ್ಲ. ಹಿಡಿಕಟ್ಟು ಕೂರದಿದ್ದಾಗ ಕೊಳವೆಗೆ ತೂತು ಕೊರೆದು ಬೋಲ್ಟು ಹಾಕುವ ಸಲಹೆಯೂ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಡುಗುವ ಎಂಜಿನ್ನಿನ ಕೆಳಗೆ ಆ ತೂತಿನ ಅಂಚಿನಿಂದಲೇ ಕೊಳವೆ ಸೀಳಲು ಶುರುವಾಗುತ್ತದೆ.

ಕೊನೆಗೆ ಹಿಂಚಕ್ರ. ಸಾಮಾನ್ಯ ಕಿಟ್ಟುಗಳಲ್ಲಿ ಎಂಜಿನ್ನಿನ ಚೈನು ತಿರುಗಿಸುವ ಸ್ಪ್ರಾಕೆಟ್ಟನ್ನು (ಹಲ್ಲಿನ ಗಾಲಿಯನ್ನು) ಚಕ್ರದ ಕಡ್ಡಿಗಳಿಗೇ ಬಿಗಿಯಲಾಗುತ್ತದೆ: ಕಡ್ಡಿಗಳ ಒಳಗೊಂದು ಹೊರಗೊಂದು ರಬ್ಬರ್ ಬಿಲ್ಲೆ ಇಟ್ಟು 9 ಬೋಲ್ಟುಗಳಿಂದ ಹಿಡಿಸುವ ಈ ವಿಧಾನ 36 ಕಡ್ಡಿಗಳ ಚಕ್ರಕ್ಕೆಂದೇ ರೂಪಿಸಿದ್ದು. 32 ಅಥವಾ 28 ಕಡ್ಡಿಗಳ ಚಕ್ರವಿದ್ದರೆ, ಇಲ್ಲವೇ ನಡುವಿನ ಹಬ್ ತೀರಾ ದಪ್ಪವಾಗಿದ್ದರೆ, ಹಬ್ಬನ್ನೇ ತಬ್ಬಿ ಹಿಡಿಯುವ ಅಡಾಪ್ಟರ್ ಬೇಕಾಗುತ್ತದೆ. ಇದನ್ನು ಎಂಜಿನ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಎಂಜಿನ್ನಿನ ಚೈನು ಎಡಗಡೆ ಓಡುವುದರಿಂದ, ಟೈರು 2 ಇಂಚಿಗಿಂತ ತುಂಬ ದಪ್ಪವಿದ್ದರೆ ಚೈನು ಅದಕ್ಕೆ ಉಜ್ಜುವ ಸಾಧ್ಯತೆ ಉಂಟು.

ನಾಲ್ಕನೆಯ ಹಂತ: ಎಂಜಿನ್ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು

ಮೂರು ಜಾಗಗಳು ರೂಢಿಯಲ್ಲಿವೆ. ಚೌಕಟ್ಟಿನ ತ್ರಿಕೋನದೊಳಗೆ ಕೂರಿಸಿದರೆ ಭಾರ ತಗ್ಗಿನಲ್ಲಿ, ಎರಡು ಚಕ್ರಗಳ ನಡುವೆ ಬರುವುದರಿಂದ ಸೈಕಲ್ಲಿನ ಹಿಡಿತ ಕೆಡುವುದಿಲ್ಲ. ನನ್ನ ಒಲವು ಇದರ ಕಡೆಗೇ. ಹಿಂದಿನ ಕ್ಯಾರಿಯರ್ ಮೇಲೆ ಕೂರಿಸುವ ಕ್ರಮದಲ್ಲಿ ಚೌಕಟ್ಟಿನ ಆಕಾರ ಹೇಗಿದ್ದರೂ ನಡೆಯುತ್ತದೆ, ಆದರೆ ಎತ್ತರದಲ್ಲಿರುವ ಭಾರದಿಂದಾಗಿ ನಿಧಾನವಾಗಿ ತಿರುಗುವಾಗ ಸೈಕಲ್ಲು ತೂಗಾಡುತ್ತದೆ. ಮೂರನೆಯದು ಟೈರಿನ ಮೇಲೆ ಉರುಳೆ ಒತ್ತುವ ವಿಧಾನ. ಇದರಲ್ಲಿ ಸ್ಪ್ರಾಕೆಟ್ಟು, ಎರಡನೆಯ ಚೈನು ಯಾವುದೂ ಬೇಡ, 660 ಮಿ.ಮೀ. ವ್ಯಾಸದ ಟೈರನ್ನು 32 ಮಿ.ಮೀ. ಉರುಳೆ ತಿರುಗಿಸಿದರೆ ಒಂದೇ ಹಂತದಲ್ಲಿ 20ಕ್ಕೆ 1ರಷ್ಟು ಇಳಿಕೆ, ಅಂದರೆ ಎಂಜಿನ್ನಿನ ಸುಮಾರು 20 ಸುತ್ತಿಗೆ ಚಕ್ರದ ಒಂದು ಸುತ್ತು, ಸಿಗುತ್ತದೆ. ಜೋಡಿಸುವುದು ಅತ್ಯಂತ ಸುಲಭ, ಬಿಚ್ಚಿದರೆ ಸೈಕಲ್ಲು ಮೊದಲಿನಂತೆ ಆಗುತ್ತದೆ. ಆದರೆ ಮಳೆಯಲ್ಲಿ ಉರುಳೆ ಜಾರುತ್ತದೆ, ಟೈರು ಬೇಗ ಸವೆಯುತ್ತದೆ. ಒಣ ರಸ್ತೆಯಲ್ಲಿ ಅಲ್ಪ ದೂರ ಹೋಗುವವರಿಗೆ ಇದು ಹೊಂದುತ್ತದೆ.

ತ್ರಿಕೋನದೊಳಗೆ ಕೂರಿಸುವುದೆಂದು ತೀರ್ಮಾನಿಸಿದ ಮೇಲೆ ಎಂಜಿನ್ನಿನ ಉದ್ದ, ಎತ್ತರ ಮತ್ತು ಅಗಲವನ್ನು ಮಾರುವವರಿಂದ ಕೇಳಿ ಪಡೆದು, ಆ ಅಳತೆಗೆ ರಟ್ಟಿನ ಡಬ್ಬಿಯೊಂದನ್ನು ಕತ್ತರಿಸಿ ಚೌಕಟ್ಟಿನೊಳಗೆ ಇಟ್ಟು ನೋಡಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಸೀಟಿನ ಕೊಳವೆಗೆ ತಾಗಬಾರದು, ಸ್ಪಾರ್ಕ್ ಪ್ಲಗ್ ಬಿಚ್ಚಲು ಮೇಲಿನ ಕೊಳವೆಯ ಕೆಳಗೆ ಪಾನಾ ಆಡುವಷ್ಟು ಜಾಗವಿರಬೇಕು, ಪೆಡಲಿನ ತೋಳು ಒಂದು ಪೂರ್ತಿ ಸುತ್ತು ಬಂದಾಗ ಎಂಜಿನ್ನಿಗಾಗಲಿ ಸೈಲೆನ್ಸರಿಗಾಗಲಿ ತಾಗಬಾರದು.

ಐದನೆಯ ಹಂತ: ಟು ಸ್ಟ್ರೋಕೋ, ಫೋರ್ ಸ್ಟ್ರೋಕೋ

ಆಯ್ಕೆಯ ಹೃದಯ ಇರುವುದು ಇಲ್ಲಿ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಪ್ರತಿ ಸುತ್ತಿಗೂ ಒಂದು ಬಾರಿ ಇಂಧನ ಉರಿಯುತ್ತದೆ; ವಾಲ್ವುಗಳಿಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ, ಸಾಮಾನ್ಯ ಪಾನಾಗಳಿಂದಲೇ ಇಡೀ ಎಂಜಿನ್ನನ್ನು ಬಿಚ್ಚಿ ಜೋಡಿಸಬಹುದು. ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಾಣುವುದಿಲ್ಲ. ಪ್ರತಿಯಾಗಿ, ಅದರ ಒಳಭಾಗಗಳಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ ಪ್ರತಿ ಬಾರಿಯೂ ಟೂಟಿ ಆಯಿಲ್ (ಟು ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಅಳೆದು ಬೆರೆಸಬೇಕು. 25ಕ್ಕೆ 1ರ ಮಿಶ್ರಣವೆಂದರೆ ಲೀಟರಿಗೆ 40 ಮಿ.ಲೀ. ಎಣ್ಣೆ, ಅದನ್ನು ಒಮ್ಮೆ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೂ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಹೊಗೆ, ಸದ್ದು ಮತ್ತು ನಡುಕವೂ ಇದರಲ್ಲೇ ಹೆಚ್ಚು.

ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಎಣ್ಣೆ ತನ್ನದೇ ತೊಟ್ಟಿಯಲ್ಲಿರುತ್ತದೆ, ಬೆರೆಸುವ ಕೆಲಸವಿಲ್ಲ. ಸದ್ದು ತಗ್ಗಿನದು, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಹಗ್ಗ ಎಳೆದು ಸ್ಟಾರ್ಟ್ ಮಾಡಬಹುದು. ವೇಗ ಏರಿದಾಗ ತಾನಾಗಿಯೇ ಹಿಡಿಯುವ ಕ್ಲಚ್ ಇರುವುದರಿಂದ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರುವುದಿಲ್ಲ. ಆದರೆ ಅಷ್ಟೇ ಸಿಸಿಯ ಟು ಸ್ಟ್ರೋಕಿಗಿಂತ ಇದರ ತೂಕ ಮತ್ತು ಅಗಲ ಹೆಚ್ಚು. ತ್ರಿಕೋನದೊಳಗೆ ಕೂರಿಸಿದಾಗ ಪೆಡಲುಗಳು ತಾಗದಿರಲು ಅನೇಕ ಸೈಕಲ್ಲುಗಳಿಗೆ ಅಗಲವಾದ ಪೆಡಲ್ ತೋಳುಗಳನ್ನೇ ಹಾಕಬೇಕಾಗುತ್ತದೆ, ವೇಗ ಇಳಿಸುವ ಗಿಯರ್ ಪೆಟ್ಟಿಗೆಯನ್ನೂ ಬೇರೆಯಾಗಿ ಜೋಡಿಸಬೇಕು.

ಉದಾಹರಣೆಗೆ ಹೋಂಡಾದ ಮೂರು ಚಿಕ್ಕ ಎಂಜಿನ್‌ಗಳನ್ನು ನೋಡೋಣ. ಜಿಎಕ್ಸ್25 ಎಂಬುದು 25 ಸಿಸಿಯದು, ಸುಮಾರು 1 ಅಶ್ವಶಕ್ತಿ. ಜಿಎಕ್ಸ್35 ಎಂಬುದು 35.8 ಸಿಸಿ, ಸುಮಾರು 1.3 ಅಶ್ವಶಕ್ತಿ. ಜಿಎಕ್ಸ್‌ಎಚ್50 ಎಂಬುದು 49.4 ಸಿಸಿ, ಸುಮಾರು 2 ಅಶ್ವಶಕ್ತಿ. ಎರಡನೆಯ ಹಂತದ ಲೆಕ್ಕದ ಪಕ್ಕದಲ್ಲಿಟ್ಟರೆ, ಸಮತಟ್ಟು ರಸ್ತೆಯಲ್ಲಿ 30 ಕಿ.ಮೀ. ವೇಗ ಸಾಕೆನ್ನುವವರಿಗೆ 25 ಸಿಸಿಯೂ ಸಾಲುತ್ತದೆಂಬುದು ಸ್ಪಷ್ಟ. ಮೊದಲ ಎರಡನ್ನು ಯಾವ ಕೋನದಲ್ಲಿ ವಾಲಿಸಿದರೂ ಎಣ್ಣೆ ತಲುಪುವಂತೆ ರೂಪಿಸಲಾಗಿದೆ. ಮೂರನೆಯದನ್ನು ನೆಟ್ಟಗೇ ಕೂರಿಸಬೇಕು. ಯಾವುದೇ ಫೋರ್ ಸ್ಟ್ರೋಕ್ ಕೊಳ್ಳುವಾಗಲೂ ಅದು ಎಷ್ಟು ಡಿಗ್ರಿ ವಾಲಿದರೆ ಸಹಿಸುತ್ತದೆಂದು ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಿರಿ.

ನನ್ನ ತೀರ್ಮಾನ ಹೀಗಿದೆ. ಕಲಿಯುವ ಹಂಬಲದಿಂದ, ಬಿಡುವಿನ ದಿನಗಳಲ್ಲಿ ಓಡಿಸಲೆಂದು ಕಟ್ಟುವವರಿಗೆ ತ್ರಿಕೋನದೊಳಗೆ ಕೂರುವ 48 ಸಿಸಿ ಟು ಸ್ಟ್ರೋಕ್ ಸರಿಯಾದದ್ದು. ದಿನವೂ ಕೆಲಸಕ್ಕೆ ಹೋಗಿಬರಲು, ಮನೆಗಳ ನಡುವೆ ಬೆಳಗ್ಗೆಯೇ ಸ್ಟಾರ್ಟ್ ಮಾಡಬೇಕಾದವರಿಗೆ ಫೋರ್ ಸ್ಟ್ರೋಕ್ ಸರಿಯಾದದ್ದು. ಅದರ ಜೋಡಣೆ ಸ್ವಲ್ಪ ಹೆಚ್ಚು ತೊಡಕಿನದಾದರೂ ಆ ಶ್ರಮ ವ್ಯರ್ಥವಾಗುವುದಿಲ್ಲ.

ಆರನೆಯ ಹಂತ: ಸಿಸಿಯ ಅಂಕಿಯನ್ನು ನೀವೇ ಅಳೆಯುವುದು

ಟು ಸ್ಟ್ರೋಕ್ ಕಿಟ್ಟುಗಳನ್ನು 80 ಸಿಸಿ ಎಂದು ಮಾರುವುದುಂಟು. ಸಿಲಿಂಡರಿನ ಒಳವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರ ಗೊತ್ತಿದ್ದರೆ ನಿಜಾಂಶ ತಿಳಿಯುವುದು ಸುಲಭ: ವ್ಯಾಸದ ವರ್ಗವನ್ನು ದೂರದಿಂದ ಗುಣಿಸಿ, 0.785ರಿಂದ ಮತ್ತೆ ಗುಣಿಸಿ, ಮಿ.ಮೀ. ಲೆಕ್ಕದಲ್ಲಿದ್ದರೆ 1,000ದಿಂದ ಭಾಗಿಸಬೇಕು. 47 ಮಿ.ಮೀ. ವ್ಯಾಸ, 38 ಮಿ.ಮೀ. ಚಲನೆ ಇರುವ ಎಂಜಿನ್ 66 ಸಿಸಿ ಆಗುತ್ತದೆ. ಚಲನೆ 40 ಮಿ.ಮೀ. ಇದ್ದರೂ 69 ಸಿಸಿ ಚಿಲ್ಲರೆ ಅಷ್ಟೇ. 40 ಮಿ.ಮೀ. ವ್ಯಾಸ, 38 ಮಿ.ಮೀ. ಚಲನೆಯ ಎಂಜಿನ್ 48 ಸಿಸಿ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಶ್ವಶಕ್ತಿಯನ್ನೂ ಇದೇ ಎಚ್ಚರದಿಂದ ಓದಬೇಕು.

48 ಮತ್ತು 66 ಸಿಸಿಗಳ ನಡುವೆ ನಾನು ಮೊದಲ ಬಾರಿಗೆ 48ನ್ನೇ ಸೂಚಿಸುತ್ತೇನೆ. ಎರಡರಲ್ಲೂ ಪಿಸ್ಟನ್ ಚಲಿಸುವ ದೂರ ಒಂದೇ, ಆದರೆ 47 ಮಿ.ಮೀ. ಪಿಸ್ಟನ್ನಿನ ತೂಕ ಹೆಚ್ಚು. ಮೇಲೆ ಕೆಳಗೆ ಓಡುವ ತೂಕ ಹೆಚ್ಚಿದಷ್ಟೂ ನಡುಕ ಹೆಚ್ಚುತ್ತದೆ, ನಡುಕ ಹೆಚ್ಚಿದಷ್ಟೂ ನಟ್ಟುಗಳು ಸಡಿಲಗೊಳ್ಳುತ್ತವೆ. ತೂಕದ ಸವಾರರು ಅಥವಾ ದಿನವೂ ಕಡಿದಾದ ಏರು ಹತ್ತಬೇಕಾದವರು, ಕಾನೂನು ಅನುಮತಿಸಿದರೆ, 66ನ್ನು ಯೋಚಿಸಬಹುದು.

ಏಳನೆಯ ಹಂತ: ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಆರಿಸುವುದು

ಎಂಜಿನ್ ಒಂದೇ ಆದರೂ ಹಿಂದಿನ ಸ್ಪ್ರಾಕೆಟ್ ಬದಲಿಸಿದರೆ ಗಾಡಿಯ ಗುಣವೇ ಬದಲಾಗುತ್ತದೆ. ಸಾಮಾನ್ಯ ಟು ಸ್ಟ್ರೋಕ್ ಕಿಟ್ಟಿನಲ್ಲಿ ಎಂಜಿನ್ನಿನೊಳಗೇ 4.1ಕ್ಕೆ 1ರ ಇಳಿಕೆಯಿದೆ. ಹೊರಗೆ 10 ಹಲ್ಲಿನ ಚಿಕ್ಕ ಸ್ಪ್ರಾಕೆಟ್ 44 ಹಲ್ಲಿನ ದೊಡ್ಡದನ್ನು ತಿರುಗಿಸುತ್ತದೆ. 4.1ನ್ನು 4.4ರಿಂದ ಗುಣಿಸಿದರೆ ಒಟ್ಟು 18. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಚಕ್ರ ಸುಮಾರು 277 ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್ ಆದ್ದರಿಂದ ವೇಗ ಗಂಟೆಗೆ 34 ಕಿ.ಮೀ. ಅದೇ ಲೆಕ್ಕದಲ್ಲಿ 36 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ 42 ಕಿ.ಮೀ. ಆಗುತ್ತದೆ, ಆದರೆ ಏರಿನಲ್ಲಿ ಪಿಕಪ್ ಕುಗ್ಗುತ್ತದೆ. ಮೊದಲಿಗೆ 44ರಿಂದಲೇ ಶುರುಮಾಡುವುದು ಒಳ್ಳೆಯದು. ಈ ಕಿಟ್ಟುಗಳಲ್ಲಿ ಬರುವ 415 ಚೈನಿನ ಕೊಂಡಿಗಳ ಅಂತರ ಸೈಕಲ್ ಚೈನಿನಷ್ಟೇ, ಅಂದರೆ ಅರ್ಧ ಇಂಚು; ಹಾಗೆಂದು ಎಂಜಿನ್ನಿನ ಕಡೆಗೆ ಸೈಕಲ್ ಚೈನು ಹಾಕಬಾರದು, ಅದು ಈ ಎಳೆತಕ್ಕೆ ತಯಾರಾದದ್ದಲ್ಲ.

ಎಂಟನೆಯ ಹಂತ: ಕೈಗೆ ಬಂದ ಎಂಜಿನ್ನನ್ನು ಪರೀಕ್ಷಿಸುವುದು

ಹೊಸದಾಗಲಿ ಹಳೆಯದಾಗಲಿ, ಹಿಂದಿರುಗಿಸುವ ಅವಕಾಶ ಇರುವಾಗಲೇ ಈ ಪರೀಕ್ಷೆ ಮುಗಿಯಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಕಡೆಯ ಮುಚ್ಚಳ ತೆಗೆದು, ನಡುವಿನ ನಟ್ಟಿಗೆ ಪಾನಾ ಹಾಕಿ ಅದನ್ನು ಬಿಗಿಯುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ. ಸುತ್ತು ಪೂರ್ತಿ ಒಂದೇ ಸಮನಾದ ಹಿತವಾದ ಬಿಗಿ ಇರಬೇಕು. ಒಂದು ಜಾಗದಲ್ಲಿ ಮಾತ್ರ ಕೈಗೆ ಗರಗರ ಎಂದು ಮರಳು ಸಿಕ್ಕಂತಾದರೆ ಬೇರಿಂಗಿನಲ್ಲಿ ದೋಷವಿದೆ ಅಥವಾ ಅಚ್ಚಿನ ಲೋಹದ ಚೂರು ಒಳಗೆ ಉಳಿದಿದೆ ಎಂದರ್ಥ. ಕ್ರ್ಯಾಂಕಿನ ತುದಿಯನ್ನು ಮೇಲೆ ಕೆಳಗೆ ಅಲುಗಿಸಿ ನೋಡಿದಾಗ ಸಡಿಲ ಕಾಣಬಾರದು. ಪ್ಲಗ್ ಮರಳಿ ಹಾಕಿ ತಿರುಗಿಸಿದಾಗ ಪ್ರತಿ ಸುತ್ತಿನಲ್ಲಿ ಒಂದು ಕಡೆ ಕೈಯನ್ನು ಎದುರು ನೂಕುವಂಥ ಒತ್ತಡ ಬರಬೇಕು; ಅದು ಬಾರದ ಟು ಸ್ಟ್ರೋಕ್ ಎಂಜಿನ್ನನ್ನು ಕೊಳ್ಳಬೇಡಿ.

ಟು ಸ್ಟ್ರೋಕಾದರೆ ಸೈಲೆನ್ಸರ್ ಬಿಚ್ಚಿ ಟಾರ್ಚಿನ ಬೆಳಕಿನಲ್ಲಿ ಕಿಂಡಿಯೊಳಗೆ ನೋಡಿದರೆ ಪಿಸ್ಟನ್ನಿನ ಬದಿ ಮತ್ತು ರಿಂಗುಗಳು ಕಾಣುತ್ತವೆ. ಉದ್ದಕ್ಕೆ ಗೀರುಗಳಿದ್ದರೆ ಆ ಎಂಜಿನ್ ಎಣ್ಣೆಯಿಲ್ಲದೆ ಓಡಿರಬಹುದು. ಕಿಂಡಿಯ ಬಾಯಿಗೂ ಸೋರದಂತೆ ನಡುವೆ ಇಡುವ ಪ್ಯಾಕಿಂಗಿನ ತೂತಿಗೂ ಅಳತೆ ಹೊಂದುತ್ತದೆಯೇ, ಕಾರ್ಬೊರೇಟರ್ ಕೂರುವ ಕೊಳವೆಯ ಮುಖ ಸಮತಟ್ಟಾಗಿದೆಯೇ ನೋಡಿ. ಇಲ್ಲಿ ಗಾಳಿ ಸೋರಿದರೆ ಇಂಧನಕ್ಕೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಟು ಸ್ಟ್ರೋಕ್ ಕಿಟ್ಟಿನ ಜೊತೆ ಬರುವ ಸ್ಪಾರ್ಕ್ ಪ್ಲಗ್ಗಿನ ಬದಲಿಗೆ ಎನ್‌ಜಿಕೆ ಕಂಪನಿಯ ಬಿ6ಎಚ್‌ಎಸ್ ಪ್ಲಗ್ ಹಾಕುವುದು ರೂಢಿ. ಬೋಲ್ಟುಗಳನ್ನೂ ಸಾಧ್ಯವಾದರೆ ಗಟ್ಟಿ ದರ್ಜೆಯವಕ್ಕೆ ಬದಲಿಸಿ.

ಚೈನಿನ ಸಡಿಲ ಎಳೆಯಲು ಕಿಟ್ಟಿನಲ್ಲಿ ಕೊಡುವ ಚಿಕ್ಕ ಗಾಲಿಯ ಹಿಡಿಕಟ್ಟಿನ ವಿಷಯವನ್ನು ವಿಶೇಷವಾಗಿ ಹೇಳಬೇಕು. ಅದು ಕೊಳವೆಯ ಮೇಲೆ ಜಾರಿ ತಿರುಗಿದರೆ ನೇರವಾಗಿ ಹಿಂಚಕ್ರದ ಕಡ್ಡಿಗಳೊಳಗೆ ಹೋಗಿ ಚಕ್ರವನ್ನು ಕಚ್ಚಿ ನಿಲ್ಲಿಸುತ್ತದೆ. ಸಾಧ್ಯವಿದ್ದರೆ ಚೈನಿನ ಉದ್ದವನ್ನು ಹೊಂದಿಸಿ, ಚಕ್ರವನ್ನು ಹಿಂದಕ್ಕೆ ಸರಿಸಿ ಆ ಗಾಲಿಯೇ ಬೇಡವಾಗುವಂತೆ ಮಾಡಿ. ಬೇಕೇ ಬೇಕೆಂದಾದರೆ ಅದು ಜಾರದಂತೆ ಭದ್ರಪಡಿಸದೆ ರಸ್ತೆಗೆ ಇಳಿಸಬೇಡಿ.

ಒಂಬತ್ತನೆಯ ಹಂತ: ಪಳಗಿಸುವ ಅವಧಿಗೆ ಸಿದ್ಧತೆ

ಎಂಜಿನ್ ಜೊತೆಯಲ್ಲೇ ಒಂದು ಜೊತೆ ಪ್ಯಾಕಿಂಗ್, ಒಂದು ಹೆಚ್ಚುವರಿ ಪ್ಲಗ್, ಚೈನಿನ ಜೋಡಣೆ ಕೊಂಡಿ, ನಟ್ಟು ಸಡಿಲಗೊಳ್ಳದಂತೆ ಹಚ್ಚುವ ಅಂಟು ಮತ್ತು ಎಣ್ಣೆ ಅಳೆಯುವ ಲೋಟ ಕೊಂಡುಕೊಳ್ಳಿ. ಬಿಡಿಭಾಗಗಳು ಸುಲಭವಾಗಿ ಸಿಗದ ಎಂಜಿನ್ ಎಷ್ಟೇ ಅಗ್ಗವಾದರೂ ಮೊದಲ ಬಾರಿಗೆ ಬೇಡ. ಟು ಸ್ಟ್ರೋಕಿಗೆ ಶುರುವಿನ ಕೆಲವು ಟ್ಯಾಂಕುಗಳಲ್ಲಿ 20ಕ್ಕೆ 1ರಂತೆ, ಅಂದರೆ ಲೀಟರಿಗೆ 50 ಮಿ.ಲೀ. ಎಣ್ಣೆ ಬೆರೆಸಿ, ಆಮೇಲೆ ತಯಾರಕರು ಹೇಳಿದ ಪ್ರಮಾಣಕ್ಕೆ ಇಳಿಸಿ. ಫೋರ್ ಸ್ಟ್ರೋಕಾದರೆ ಮೊದಲ ಎಣ್ಣೆಯನ್ನು ಕೈಪಿಡಿ ಹೇಳಿದಷ್ಟು ಗಂಟೆ ಓಡಿಸಿದ ಕೂಡಲೇ ಬದಲಿಸಿ, ಏಕೆಂದರೆ ಹೊಸ ಭಾಗಗಳು ಸವೆದ ಲೋಹದ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಯಾವುದೇ ಬಗೆಯ ಎಂಜಿನ್ನಾದರೂ ಈ ಅವಧಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಹಿಡಿದು ಉದ್ದಕ್ಕೆ ಓಡಿಸಬಾರದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಇಡಲೂಬಾರದು. ಮೊದಲ ಓಟ ಮುಗಿಸಿ ಬಂದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಟು ಸ್ಟ್ರೋಕಾದರೆ ಸಿಲಿಂಡರ್ ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳದ) ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ನಂತರ ಎಂಜಿನ್ ಹಿಡಿಕಟ್ಟಿನ ಬೋಲ್ಟುಗಳನ್ನೂ ಹಿಂಚಕ್ರದ ಸ್ಪ್ರಾಕೆಟ್ಟಿನ 9 ಬೋಲ್ಟುಗಳನ್ನೂ ಒಂದೊಂದಾಗಿ ಪಾನಾ ಹಾಕಿ ನೋಡಿ.